ವಚನವಾಙ್ಮಯವು ಓಲೆಕಟ್ಟಿನಿಂದ ವಿಶ್ವವಿದ್ಯಾಲಯಕ್ಕೆ ಬಂದ ಬಗೆ



ಶಿವಶರಣರ ವಚನಗಳು ಗ್ರಂಥವಾಗಿ ಹುಟ್ಟಿದವುಗಳಲ್ಲವೆಂಬದನ್ನು ಶ್ರೀಮಠದ ಭಕ್ತಮಹಾಶಯರು ಬಲ್ಲರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವು ಮಾತಾಗಿ ಹುಟ್ಟಿದವು. ಒಬ್ಬ ಶರಣನು ಆಡಿದ್ದನ್ನು ಇನ್ನೊಬ್ಬನು ಕೇಳಿ ಮರುನುಡಿ ಕೊಟ್ಟನು. ಮತ್ತೊಬ್ಬನು ತನ್ನ ಕಾಯಕದ ನಡುವೆ ಅದನ್ನು ನೆನೆದು ನೆರೆಯವನಿಗೆ ಹೇಳಿದನು. ವಚನವೆಂದರೆ ನುಡಿ, ಹೆಸರೇ ಅದನ್ನು ಸಾರುತ್ತಿರುವದು. ಪ್ರತಿಯೊಂದರ ತುದಿಯಲ್ಲಿ ನಿಂತಿರುವ ಅಂಕಿತವು ಇಷ್ಟದೈವದ ಸ್ಮರಣೆಯಾಗಿರುವಂತೆಯೇ, ಇದು ಯಾರ ಮಾತೆಂದು ಕೇಳಿದವನಿಗೆ ತಿಳಿಸುವ ಮುದ್ರೆಯೂ ಆಗಿತ್ತು. ಮಾತು ಯಾರಿಂದ ಯಾರಿಗೆ, ಯಾವ ಸಾಧನದ ಮೂಲಕ, ಎಂಥ ಮಾರ್ಪಾಡನ್ನು ಹೊಂದಿ ಮುಟ್ಟುವದೆಂಬದನ್ನು ವಿಚಾರಿಸುವ ಶಾಸ್ತ್ರಕ್ಕೆ ಈಗ ವಿಶ್ವವಿದ್ಯಾಲಯಗಳಲ್ಲಿ ಸಂವಹನಶಾಸ್ತ್ರವೆಂದು ಹೆಸರು. ಆ ಶಾಸ್ತ್ರವು ಕನ್ನಡನಾಡಿನಲ್ಲಿ ಆರಿಸಿಕೊಳ್ಳತಕ್ಕ ವಿಷಯಗಳಲ್ಲಿ ಇದಕ್ಕಿಂತ ಯೋಗ್ಯವಾದದ್ದು ನಮಗೆ ತೋರುವದಿಲ್ಲ. ಆದರೆ ವಚನವು ಕನ್ನಡ ವಿಭಾಗದ ಪಾಲಿಗೆ ಹೋಯಿತು. ಸಂವಹನವು ಪತ್ರಿಕೋದ್ಯಮ ವಿಭಾಗದ ಪಾಲಿಗೆ ಹೋಯಿತು. ಈ ಪಾಲುಪಟ್ಟಿ ಹೇಗಾಯಿತು, ಅದರಿಂದ ನಮಗೇನು ಹಾನಿ ಎಂಬದನ್ನು ಇಲ್ಲಿ ಚರಿತ್ರಕ್ರಮದಿಂದ ನಿರೂಪಿಸುವೆವು.

ಕಲ್ಯಾಣದ ವಿಪ್ಲವದ ತರುವಾಯ ಶರಣರು ದಿಕ್ಕಾಪಾಲಾದರಷ್ಟೆ. ವಿಜಯನಗರದ ಪ್ರೌಢದೇವರಾಯನ (1424–1446) ಕಾಲದಿಂದ ಮುಂದಕ್ಕೆ ವಿರಕ್ತಪರಂಪರೆಯವರು ಚದುರಿದ ವಚನಗಳನ್ನು ಕೂಡಿಸಿ, ಸ್ಥಲಕಟ್ಟಿಗೆ ಅಳವಡಿಸಿ ಓಲೆಗೇರಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ಕಟ್ಟಿದನು. ಅವನ ಹಿಂದಿನಿಂದ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಇವರು ಅದನ್ನು ಪರಿಷ್ಕರಿಸಿದರು. ಈ ಸಂಕಲನಕಾರರ ಜಾಣ್ಮೆ ಮೆಚ್ಚತಕ್ಕದ್ದು. ಅವರು ವಚನಗಳನ್ನು ಬಿಡಿಬಿಡಿಯಾಗಿ ಪೇರಿಸಿಡದೆ, ಅಲ್ಲಮಪ್ರಭುವು ಕೇಳಿದ್ದು, ಅಕ್ಕಮಹಾದೇವಿಯು ಉತ್ತರಿಸಿದ್ದು, ಬಸವಣ್ಣನವರು ಬಿನ್ನವಿಸಿದ್ದು ಎಂಬ ಸಂವಾದದೊಳಗೆ ಇಟ್ಟರು. ಹೀಗೆ ಓಲೆಯೊಳಗೆ ಸೇರಿದ ನುಡಿಗೆ ಆಡುವವನೂ ಕೇಳುವವನೂ ಮರಳಿ ದೊರೆತರು. ಈ ಗುಣವು ಮುಂದಿನ ಅನೇಕ ಸಂಪಾದಕರಲ್ಲಿ ಕಾಣದು.

ಓಲೆಯ ಮೇಲಿನ ಬರವಣಿಗೆಯನ್ನು ಕಂಡವರು ಈಗ ಕಡಿಮೆಯಾದದ್ದರಿಂದ ಅದರ ಬಗೆಯನ್ನು ಸ್ವಲ್ಪ ಹೇಳಬೇಕಾಗಿದೆ. ಹದಮಾಡಿದ ತಾಳೆಯ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆದು, ಮೇಲೆ ಮಸಿ ತೀಡಿ ಒರಸುವರು. ಶಬ್ದಕ್ಕೂ ಶಬ್ದಕ್ಕೂ ನಡುವೆ ತೆರಪಿರುವದಿಲ್ಲ. ವಚನವನ್ನು ಸಾಲುಸಾಲಾಗಿ ಮುರಿದು ಬರೆಯುವ ವಾಡಿಕೆಯೂ ಇಲ್ಲ. ಗರಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅದು ಎಡೆಬಿಡದೆ ಸಾಗುವದು. ಹಳೆಯ ಬರಹದಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಭೇದ ತೋರಿಸುವ ಗುರುತು ಇರುವದಿಲ್ಲವಾದ್ದರಿಂದ, ‘ತೊಡು’ ಎಂದಿರುವದೋ ‘ತೋಡು’ ಎಂದಿರುವದೋ, ‘ಕೆಡು’ ಎಂದೋ ‘ಕೇಡು’ ಎಂದೋ ಓದುವವನೇ ನಿಶ್ಚಯಿಸಬೇಕು. ಪಾಠಶಾಲೆಗಳಲ್ಲಿ ಓಲೆಯನ್ನು ಹಿಡಿದ ಬಾಲಕನಿಗೆ ಇದು ತೊಡಕೆನಿಸುತ್ತಿರಲಿಲ್ಲ. ಅವನು ಆ ಮಾತನ್ನು ಗುರುಮುಖದಿಂದ ಮೊದಲೇ ಕೇಳಿರುತ್ತಿದ್ದನು. ಓಲೆಯು ಅವನ ನೆನಪಿಗೆ ಊರುಗೋಲು ಮಾತ್ರ. ಕೇಳಿದ ಕಿವಿಯಿಲ್ಲದೆ ಬರಿಯ ಕಣ್ಣಿನಿಂದ ಓಲೆಯನ್ನು ಓದಹೊರಟಾಗಲೇ ಪಾಠಾಂತರಗಳ ಪೇಚು ಹೆಚ್ಚಾಯಿತು.

ಓಲೆಯಿಂದ ಅಚ್ಚಿಗೆ ವಚನಗಳನ್ನು ತಂದವರಲ್ಲಿ ಅಗ್ರಗಣ್ಯರು ಫ. ಗು. ಹಳಕಟ್ಟಿಯವರು (1880–1964). ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಾನೂನು ಕಲಿತು, ವಿಜಾಪುರದಲ್ಲಿ ವಕೀಲಿ ನಡೆಸಿದ ಈ ಮಹನೀಯರು ಮಠಮನೆಗಳನ್ನು ಅಲೆದು ಓಲೆಕಟ್ಟುಗಳನ್ನು ಕೂಡಿಸಿದರು. ಅವರ ವಚನಶಾಸ್ತ್ರಸಾರದ ಮೊದಲನೆಯ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯಗಳನ್ನು ನೆಚ್ಚಿ ಕುಳಿತರೆ ಕೆಲಸ ಸಾಗದೆಂದು ಕಂಡು, ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯೂ 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಹೊರಟವು. ಅದೇ 1926ರಲ್ಲಿ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಹಳಕಟ್ಟಿಯವರನ್ನು ವಚನಪಿತಾಮಹರೆಂದು ಕೊಂಡಾಡುವಾಗ ನಾವು ಒಂದು ಸಂಗತಿಯನ್ನು ಮರೆಯುತ್ತೇವೆ. ವಚನಗಳ ಸಂಪಾದಕರೂ ಪತ್ರಿಕೆಯ ಸಂಪಾದಕರೂ ಅವರಲ್ಲಿ ಒಬ್ಬರೇ ಆಗಿದ್ದರು. ಓಲೆಯ ಪಾಠವನ್ನು ತಿದ್ದಿದ ಕೈಯೇ ಪತ್ರಿಕೆಯ ಕರಡನ್ನು ತಿದ್ದಿತು. ಶರಣರ ಮಾತು ಏನೆಂಬ ಚಿಂತೆಯೂ ಅದು ವಾಚಕನಿಗೆ ಮುಟ್ಟುವದು ಹೇಗೆಂಬ ಚಿಂತೆಯೂ ಅವರಿಗೆ ಎರಡಾಗಿರಲಿಲ್ಲ. ಅವರ ಕ್ರಮದಲ್ಲಿ ಕುಂದಿಲ್ಲವೆಂದು ಹೇಳಲಾರೆವು. ವಚನಶಾಸ್ತ್ರಸಾರದಲ್ಲಿ ಹಲವು ಶರಣರ ವಚನಗಳು ವಿಷಯಾನುಸಾರವಾಗಿ ಒಂದೊಂದು ತಲೆಬರಹದ ಕೆಳಗೆ ನಿಂತದ್ದರಿಂದ ಶೂನ್ಯಸಂಪಾದನೆಯ ಸಂವಾದದ ಬಿಸಿ ಅಲ್ಲಿ ಆರಿದೆ. ಎಡೆಬಿಡದೆ ಹರಿದ ಓಲೆಯ ನುಡಿಯು ಅಚ್ಚಿನಲ್ಲಿ ಗಿಡ್ಡ ಸಾಲುಗಳಾಗಿ ಒಡೆದದ್ದೂ ಅಚ್ಚಿನ ಕಾಲದ ಸಂಪಾದಕರ ಕೆಲಸವೇ. ಇಂದು ವಿದ್ಯಾರ್ಥಿಗಳು ಆ ಸಾಲುಗಳನ್ನು ಶರಣರೇ ಹಾಕಿದರೆಂದು ತಿಳಿದು ಅವುಗಳ ಲಯವನ್ನು ವಿಮರ್ಶಿಸುವದುಂಟು!

ಇನ್ನು ವಿಶ್ವವಿದ್ಯಾಲಯಗಳ ವಿಚಾರ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ತರಗತಿಯು 1927ರಲ್ಲಿ ಆರಂಭವಾಯಿತು. ಹಸ್ತಪ್ರತಿಗಳನ್ನು ತಾಳೆನೋಡಿ ಶುದ್ಧಪಾಠವನ್ನು ನಿರ್ಣಯಿಸುವ ವಿದ್ಯೆಯು ಅಲ್ಲಿ ಡಿ. ಎಲ್. ನರಸಿಂಹಾಚಾರ್ಯರಂಥವರಿಂದ ಶಾಸ್ತ್ರದ ಬಿಗಿಯನ್ನು ಪಡೆಯಿತು. ಅವರ ಕನ್ನಡ ಗ್ರಂಥಸಂಪಾದನೆಯು 1964ರಲ್ಲಿ ಹೊರಬಂತು. ಉತ್ತರಭಾಗದಲ್ಲಿ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು 1939ರಲ್ಲಿ ಹುಟ್ಟಿತು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಬಂದು, 1956ರಲ್ಲಿ ಹಳಕಟ್ಟಿಯವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತು ತಾನೇ ಗೌರವ ಪಡೆಯಿತು. ಅಲ್ಲಿಂದಲೇ ಶೂನ್ಯಸಂಪಾದನೆಯು ಇಂಗ್ಲಿಷ್ ಅನುವಾದದೊಡನೆ 1965ರಿಂದ 1972ರ ವರೆಗೆ ಐದು ಸಂಪುಟಗಳಲ್ಲಿ ಪ್ರಕಟವಾಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1991ರಲ್ಲಿ ಸ್ಥಾಪಿತವಾಗಿ ಹಸ್ತಪ್ರತಿಗಳಿಗೆಂದೇ ಒಂದು ವಿಭಾಗವನ್ನು ತೆರೆಯಿತು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು ಹದಿನೈದು ಬಂದವು. ಮಠಗಳೂ ಸುಮ್ಮನಿರಲಿಲ್ಲ. ಗದಗಿನ ತೋಂಟದಾರ್ಯ ಮಠದ ಗ್ರಂಥಪ್ರಕಟನೆಯೊಂದನ್ನೇ ಎತ್ತಿ ಹೇಳಿದರೂ ಸಾಕು.

ಧಾರವಾಡಕ್ಕೆ ವಿಶ್ವವಿದ್ಯಾಲಯವು ಬಂದ 1950ರಲ್ಲಿಯೇ ಆಕಾಶವಾಣಿಯೂ ಅಲ್ಲಿ ನೆಲೆಗೊಂಡಿತು. ಮಲ್ಲಿಕಾರ್ಜುನ ಮನಸೂರರ (1910–1992) ಕಂಠದಿಂದ ವಚನಗಳನ್ನು ಕೇಳಿದವರು, ಗಾಯಕನು ಉಸಿರು ನಿಲ್ಲಿಸುವ ತಾಣವೂ ಅಚ್ಚಿನ ಸಾಲು ಮುರಿಯುವ ತಾಣವೂ ಒಂದೇ ಅಲ್ಲವೆಂಬದನ್ನು ಕಂಡಿದ್ದಾರೆ. ಮರುವರ್ಷ, 1951ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಬೋಧನೆಯನ್ನು ಆರಂಭಿಸಿದರು. ಕ್ರಮೇಣ ಅದು ಸಮೂಹ ಸಂವಹನವೆಂಬ ಹೆಸರಿನಿಂದ ಬೆಳೆದು ಹಲವು ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಹಳಕಟ್ಟಿಯವರಲ್ಲಿ ಒಂದಾಗಿದ್ದ ಎರಡು ಕೆಲಸಗಳು ಎರಡು ಕಟ್ಟಡಗಳಿಗೆ ಹಂಚಿಹೋದದ್ದು ಹೀಗೆ.

ಇದರ ಫಲವನ್ನು ನಾವು ದಿನವೂ ಕಾಣುತ್ತಿದ್ದೇವೆ. ಈಗ ಕೈಯಲ್ಲಿ ಹಿಡಿದ ಮೊಬೈಲಿನ ಮೂಲಕ ಒಂದು ವಚನವು ಕ್ಷಣದಲ್ಲಿ ಸಾವಿರ ಮನೆಗಳನ್ನು ಸೇರುವದು. ಅಂಕಿತವು ಕಳಚಿರುವದುಂಟು, ಒಬ್ಬರ ಮಾತಿಗೆ ಮತ್ತೊಬ್ಬರ ಅಂಕಿತವು ಅಂಟಿರುವದುಂಟು, ಯಾರೋ ನಿನ್ನೆ ಬರೆದ ಹಿತೋಕ್ತಿಗೆ ಬಸವಣ್ಣನವರ ಹೆಸರಿರುವದೂ ಉಂಟು. ಹದಿನೈದು ಸಂಪುಟಗಳನ್ನು ಓದಿದ ಕನ್ನಡ ವಿದ್ಯಾರ್ಥಿಯು ತಪ್ಪನ್ನು ಹಿಡಿಯಬಲ್ಲನು, ಆದರೆ ಅದು ಹಬ್ಬುವ ದಾರಿಯನ್ನರಿಯನು. ಸಂವಹನದ ವಿದ್ಯಾರ್ಥಿಯು ದಾರಿಯನ್ನು ಬಲ್ಲನು, ತಪ್ಪನ್ನು ಕಾಣನು. ಓಲೆಯ ಕಾಲದಲ್ಲಿ ಪ್ರತಿಕಾರನು ತನ್ನ ಹೆಸರನ್ನೂ ಸಂವತ್ಸರವನ್ನೂ ಕೊನೆಯಲ್ಲಿ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಬಲ್ಲವರಿಗೆ ಬಿನ್ನಹ ಮಾಡುವ ಸಂಪ್ರದಾಯವಿತ್ತು. ಈ ಹೊಸ ಪ್ರತಿಕಾರರಿಗೆ ಹೆಸರೂ ಇಲ್ಲ, ಬಿನ್ನಹವೂ ಇಲ್ಲ.

ಇನ್ನೊಂದು ಹಾನಿಯು ಮಠಗಳಿಗೇ ಸಂಬಂಧಪಟ್ಟದ್ದು. ಅಚ್ಚಾದದ್ದು ಅಚ್ಚಾಯಿತೆಂಬ ನೆಮ್ಮದಿಯಿಂದ ಅನೇಕ ಮಠಗಳ ಓಲೆಕಟ್ಟುಗಳು ಬಟ್ಟೆಯೊಳಗೆ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಮಲಗಿವೆ. ಹಬ್ಬದ ದಿನ ಅವುಗಳಿಗೆ ಪೂಜೆ ಸಲ್ಲುವದು, ಹುಳುವಿಗೆ ವರ್ಷವೆಲ್ಲ ನೈವೇದ್ಯ! ಅವುಗಳನ್ನು ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಲಿಂಗೈಕ್ಯರಾಗುತ್ತಿರುವರು. ಯಾವ ಕಟ್ಟಿನಲ್ಲಿ ಯಾವ ಪಾಠವು ಬೇರೆಯಾಗಿದೆ, ಯಾವ ಊರಿನ ಭಕ್ತನು ಯಾರ ಓದಿಗಾಗಿ ಅದನ್ನು ಬರೆಯಿಸಿದನು ಎಂಬ ವಿವರಗಳು ಅಚ್ಚಿನ ಪುಸ್ತಕದಲ್ಲಿ ಎಲ್ಲವೂ ದೊರೆಯಲಾರವು. ವಚನವು ಮಠದಿಂದ ಮಠಕ್ಕೆ ಹರಿದ ದಾರಿಯನ್ನು ಅಂಥ ವಿವರಗಳಿಂದಲೇ ಗುರುತಿಸಬೇಕು. ಅದು ಅಪ್ಪಟ ಸಂವಹನದ ಚರಿತ್ರೆ.

ಆದುದರಿಂದ ಈ ಮಹೋತ್ಸವದ ಸಂದರ್ಭದಲ್ಲಿ ಪೂಜ್ಯರ ಸನ್ನಿಧಿಯಲ್ಲಿ ಒಂದು ಬಿನ್ನಹವನ್ನು ಇಡುವೆವು. ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು, ಕನ್ನಡ ವಿಭಾಗದಿಂದ ಒಬ್ಬರನ್ನೂ ಸಂವಹನ ವಿಭಾಗದಿಂದ ಒಬ್ಬರನ್ನೂ, ಬೇಸಿಗೆಯ ಎರಡು ತಿಂಗಳು ಶ್ರೀಮಠಕ್ಕೆ ಕರೆಯಿಸಬೇಕು. ಮೊದಲ ವರ್ಷ ಅವರು ಓಲೆಯನ್ನು ಓದುವದನ್ನು ಕಲಿತು, ಪ್ರತಿಯೊಂದು ಕಟ್ಟಿನ ಗರಿಗಳೆಷ್ಟು, ಆದಿ ಅಂತ್ಯಗಳೇನು, ಪ್ರತಿಕಾರನಾರು, ಸಂವತ್ಸರ ಯಾವುದು ಎಂಬ ಪಟ್ಟಿಯನ್ನು ಸಿದ್ಧಮಾಡಲಿ. ಗರಿಗಳ ಛಾಯಾಚಿತ್ರಗಳನ್ನು ತೆಗೆಯುವದು ಎರಡನೆಯ ವರ್ಷದ ಕೆಲಸವಾಗಲಿ. ವಚನಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯ ಭಕ್ತರ ಧ್ವನಿಯನ್ನು ಮಾತ್ರ ಮೊದಲ ವರ್ಷವೇ ಹಿಡಿದಿಡಬೇಕು. ಆ ಕೆಲಸವು ಎರಡನೆಯ ವರ್ಷಕ್ಕೆ ಕಾಯಲಾರದು. ವಿದ್ಯಾರ್ಥಿಗಳ ಊಟವಸತಿಯ ಭಾರವು ನಮ್ಮ ಪ್ರಸಾದನಿಲಯಕ್ಕೆ ಹೊಸದೇನಲ್ಲ.