ಬೆನ್ನುನೋವಿನ ಜೊತೆ ಆಯ ತಪ್ಪುತ್ತಿದೆಯೇ? ಎಲ್ಲಕ್ಕೂ ‘ಕುತ್ತಿಗೆ ಸವೆತ’ ಕಾರಣವಲ್ಲ

ಕುತ್ತಿಗೆ ಮೂಳೆ ಸವೆದರೆ ಮೆದುಳಿಗೆ ರಕ್ತ ಹೋಗುವುದು ಕಡಿಮೆಯಾಗುತ್ತದೆ, ಅದಕ್ಕೇ ತಲೆಸುತ್ತು, ಆದ್ದರಿಂದ ಕಾಲರ್ ಹಾಕಿಕೊಂಡು ಅಲ್ಲಾಡದೆ ಮಲಗಿ ಎಂಬರ್ಥದ ಸಂದೇಶಗಳು ಮನೆಯವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಬರುತ್ತಿರುತ್ತವೆ. ಬೆನ್ನು, ಕುತ್ತಿಗೆ ನೋವಿರುವವರಿಗೆ ಇದು ತಮ್ಮದೇ ಕಥೆ ಅನ್ನಿಸುತ್ತದೆ. ಎಕ್ಸ್‌ರೇಯಲ್ಲಿ ಸವೆತ ಕಂಡರಂತೂ ನಂಬಿಕೆ ಗಟ್ಟಿಯಾಗುತ್ತದೆ. ಆದರೆ 60 ದಾಟಿದ ಬಹುಪಾಲು ಜನರ ಎಕ್ಸ್‌ರೇಯಲ್ಲಿ ಕುತ್ತಿಗೆ ಸವೆತ ಕಾಣುತ್ತದೆ, ತಲೆಸುತ್ತು ಇಲ್ಲದವರಲ್ಲೂ. ಸವೆತ ಇದೆ ಎಂದಮಾತ್ರಕ್ಕೆ ತಲೆಸುತ್ತಿಗೆ ಅದೇ ಕಾರಣ ಎನ್ನಲಾಗದು.

ಮಲ್ಲಂದೂರಿನಂಥ ಊರಲ್ಲಿ ಈ ತಪ್ಪು ದುಬಾರಿಯಾಗುತ್ತದೆ. ಚಿಕ್ಕಮಗಳೂರಿನಿಂದ ಮುತ್ತೋಡಿ ಕಡೆಗೆ ಹೋಗುವ ಈ ಕಾಫಿ ಗುಡ್ಡಗಳಲ್ಲಿ ಮನೆಯಿಂದ ರಸ್ತೆಗೆ ಬರುವುದೆಂದರೇ ಏರು ಇಳಿತ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಪಾಚಿ, ಹಳ್ಳಕ್ಕೆ ಕಾಲುಸಂಕ, ಗಾಳಿಮಳೆಗೆ ಮರ ಬಿದ್ದರೆ ದಿನಗಟ್ಟಲೆ ಕರೆಂಟ್ ಇಲ್ಲ. ಗೊಬ್ಬರದ ಚೀಲ, ಹಣ್ಣಿನ ಮೂಟೆ ಹೊತ್ತು ವರ್ಷಗಟ್ಟಲೆ ದುಡಿದ ಬೆನ್ನುಗಳು ಇಲ್ಲಿ ಮನೆಮನೆಯಲ್ಲೂ ಇವೆ. ವಯಸ್ಸಾದವರು ಇಂಥಲ್ಲಿ ಒಮ್ಮೆ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಮತ್ತೆ ಮೊದಲಿನಂತೆ ಓಡಾಡದೇ ಹೋಗಬಹುದು.

ಆಯ ಕಾಯುವ ಮೂವರು

ನಾವು ನೆಟ್ಟಗೆ ನಿಲ್ಲುವುದು ಮೂರು ಕಡೆಯಿಂದ ಬರುವ ಸುದ್ದಿಯ ಆಧಾರದ ಮೇಲೆ. ಒಳಕಿವಿ ತಲೆ ಎತ್ತ ತಿರುಗಿತು ಎಂದು ಹೇಳುತ್ತದೆ. ಕಣ್ಣು ಸುತ್ತಲಿನದನ್ನು ತೋರಿಸುತ್ತದೆ. ಪಾದ, ಕೀಲು, ಸ್ನಾಯುಗಳು ನೆಲ ಹೇಗಿದೆ, ಕಾಲು ಎಲ್ಲಿದೆ ಎಂಬುದನ್ನು ಬೆನ್ನುಹುರಿಯ ಮೂಲಕ ಮೆದುಳಿಗೆ ಮುಟ್ಟಿಸುತ್ತವೆ. ಒಬ್ಬ ಕೈಕೊಟ್ಟರೆ ಉಳಿದಿಬ್ಬರು ಹೇಗೋ ಸಂಭಾಳಿಸುತ್ತಾರೆ. ಪಾದದ ಸ್ಪರ್ಶ ಮಂದವಾಗಿರುವವರು ಹಗಲಲ್ಲಿ ಸರಾಗ ನಡೆದು, ಕರೆಂಟ್ ಹೋದ ಕೂಡಲೇ ಗೋಡೆ ಹುಡುಕುವುದು ಇದಕ್ಕೇ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಓಲುವುದೂ ಇದಕ್ಕೇ. 19ನೇ ಶತಮಾನದ ಜರ್ಮನ್ ವೈದ್ಯ ಮೊರಿಟ್ಜ್ ರಾಂಬರ್ಗ್ ಗುರುತಿಸಿದ ಈ ಲಕ್ಷಣವನ್ನು ವೈದ್ಯರು ಇಂದಿಗೂ ಪರೀಕ್ಷಿಸುತ್ತಾರೆ: ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಲು ಹೇಳುತ್ತಾರೆ. ಮನೆಯಲ್ಲಿ ಒಬ್ಬರೇ ಇದನ್ನು ಮಾಡಿ ನೋಡಬೇಡಿ.

ಬೆನ್ನಿನಿಂದಲೇ ಬರುವ ಓಲಾಟ

ಬೆನ್ನುನೋವಿಗೂ ಆಯ ತಪ್ಪುವುದಕ್ಕೂ ಸಂಬಂಧವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ದೀರ್ಘಕಾಲ ನೋವಿರುವವರ ಬೆನ್ನಿನ ಸ್ನಾಯುಗಳು ಬಿಗಿದುಕೊಂಡು, ಕಾಲು ಜಾರಿದಾಗ ತಡವಾಗಿ ಪ್ರತಿಕ್ರಿಯಿಸುತ್ತವೆ. ಬೀಳುವ ಭಯಕ್ಕೆ ಓಡಾಟ ಕಡಿಮೆ ಮಾಡುತ್ತಾರೆ, ಓಡಾಟ ಕಡಿಮೆಯಾದಷ್ಟೂ ಕಾಲು ಸೋಲುತ್ತದೆ.

ಸೊಂಟದ ಭಾಗದಲ್ಲಿ ನರ ಹಾದುಹೋಗುವ ಜಾಗ ಕಿರಿದಾದವರಿಗೆ ಸ್ವಲ್ಪ ದೂರ ನಡೆದರೆ ಕಾಲು ಭಾರವಾಗುತ್ತದೆ, ಜೋಮು ಹಿಡಿಯುತ್ತದೆ. ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರಾಗುತ್ತದೆ. ಗುಡ್ಡದವರು ಒಂದು ವಿಷಯ ಗಮನಿಸಬಹುದು: ಇವರಲ್ಲಿ ಅನೇಕರಿಗೆ ಏರಿಗಿಂತ ಇಳಿಜಾರೇ ಕಷ್ಟ. ಏರುವಾಗ ಬೆನ್ನು ಮುಂದಕ್ಕೆ ಬಾಗುತ್ತದೆ, ಇಳಿಯುವಾಗ ಹಿಂದಕ್ಕೆ ವಾಲಿ ಆ ಜಾಗ ಇನ್ನಷ್ಟು ಬಿಗಿಯಾಗುತ್ತದೆ. ಏರುವಾಗಲೇ ಮೀನಖಂಡ ಹಿಡಿದುಕೊಂಡು, ಸುಮ್ಮನೆ ನಿಂತರೆ ಸರಿಹೋಗುವುದಾದರೆ ಕಾಲಿನ ರಕ್ತನಾಳವನ್ನೂ ಪರೀಕ್ಷಿಸಬೇಕು. ವೈದ್ಯರಿಗೆ ಇದನ್ನು ತಪ್ಪದೆ ಹೇಳಿ.

ಕುತ್ತಿಗೆಯಲ್ಲಿ ಬೆನ್ನುಹುರಿಯೇ ಒತ್ತಿಕೊಂಡಿದ್ದರೆ ಮಾತ್ರ ಸಮಸ್ಯೆ ಗಂಭೀರ. ಅಲ್ಲಿ ತಲೆ ಗಿರಗಿರ ಸುತ್ತುವುದಿಲ್ಲ. ಕಾಲು ಪೆಡಸಾಗುತ್ತದೆ, ಅಗಲಿಸಿ ನಡೆಯಬೇಕಾಗುತ್ತದೆ, ಅಂಗಿಯ ಗುಂಡಿ ಹಾಕಲು ಬೆರಳು ತಡಕಾಡುತ್ತವೆ, ಕುತ್ತಿಗೆ ಬಗ್ಗಿಸಿದರೆ ಬೆನ್ನಿನಲ್ಲಿ ಶಾಕ್ ಹೊಡೆದಂತಾಗಬಹುದು. ಇಂಥವರು ಎಣ್ಣೆ ತಿಕ್ಕಿಸುತ್ತಾ ಕಾಲ ಕಳೆಯಬಾರದು. ಕುತ್ತಿಗೆಯ ಲಟಿಕೆ ತೆಗೆಸುವುದಂತೂ ಬೇಡವೇ ಬೇಡ. ಕುತ್ತಿಗೆಯನ್ನು ಒಮ್ಮೆಲೇ ತಿರುಚಿದರೆ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಆಗಿದೆ.

ಕುತ್ತಿಗೆಯ ಹೆಸರಿಗೆ ಬಂದ ಕಿವಿಯ ತಪ್ಪು

ಮೆಣಸು ಕುಯ್ಯಲು ಏಣಿ ಹತ್ತಿ ಮೇಲೆ ನೋಡಿದರೆ ಲೋಕವೆಲ್ಲ ತಿರುಗುತ್ತದೆ, ಮಂಚದಲ್ಲಿ ಮಗ್ಗುಲು ಬದಲಿಸಿದರೂ ಹಾಗೇ, ಒಂದು ನಿಮಿಷದೊಳಗೆ ನಿಲ್ಲುತ್ತದೆ. ಕುತ್ತಿಗೆ ಎತ್ತಿದಾಗ ಬಂತು, ಹಾಗಾಗಿ ಕುತ್ತಿಗೆಯದೇ ತಪ್ಪು ಅನ್ನಿಸುವುದು ಸಹಜ. ಆದರೆ ಕುತ್ತಿಗೆ ತಿರುಗಿದಾಗಲೆಲ್ಲ ತಲೆಯೂ ತಿರುಗುತ್ತದೆ, ತಲೆಯೊಳಗಿನ ಕಿವಿಯೂ ತಿರುಗುತ್ತದೆ. ಒಳಕಿವಿಯ ಸಣ್ಣ ಸುಣ್ಣದ ಹರಳುಗಳು ತಮ್ಮ ಜಾಗ ಬಿಟ್ಟು ಪಕ್ಕದ ಕೊಳವೆಗೆ ಜಾರಿದಾಗ ಹೀಗೇ ಆಗುತ್ತದೆ. ಕುತ್ತಿಗೆ ತಿರುಚದೆ ಇಡೀ ಮೈ ಹೊರಳಿಸಿದಾಗಲೂ ಸುತ್ತು ಬಂದರೆ ಸಂಶಯ ಕಿವಿಯ ಮೇಲೇ ಹೋಗಬೇಕು. ಇದಕ್ಕೆ ಕಾಲರ್ ಬೇಕಿಲ್ಲ. ಅಮೆರಿಕದ ವೈದ್ಯ ಜಾನ್ ಎಪ್ಲಿ ರೂಪಿಸಿದ, ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳನ್ನು ಸ್ವಸ್ಥಾನಕ್ಕೆ ಸೇರಿಸುವ ವಿಧಾನ ಕೆಲವೇ ನಿಮಿಷದ್ದು, ಬಹಳ ಜನರಿಗೆ ಒಂದೆರಡು ಸಲಕ್ಕೇ ಗುಣವಾಗುತ್ತದೆ. ಕುತ್ತಿಗೆ ನೋವಿರುವವರು ಯೂಟ್ಯೂಬ್ ನೋಡಿ ತಾವೇ ಮಾಡಿಕೊಳ್ಳದೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿ ಮಾಡಿಸಿಕೊಳ್ಳಿ. ಸಮತೋಲನದ ವಿವರವಾದ ಪರೀಕ್ಷೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಗುತ್ತದೆ. ಸುತ್ತು ಪೂರ್ತಿ ನಿಲ್ಲುವ ತನಕ ಏಣಿ, ಮರಗಸಿ ಎರಡೂ ಬಂದ್.

ಮಾತ್ರೆ ಡಬ್ಬಿಯನ್ನೂ ಒಮ್ಮೆ ನೋಡಿ. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್, ನೋವಿನ ಟ್ರಮಡಾಲ್, ಸ್ನಾಯು ಸಡಿಲಿಸುವ ಮಾತ್ರೆ, ಇವೆಲ್ಲ ತಾವೇ ತಲೆಸುತ್ತು, ಮಂಪರು ತರಬಲ್ಲವು. ಜೊತೆಗೆ ಬಿಪಿ ಮಾತ್ರೆ, ರಾತ್ರಿ ಸ್ವಲ್ಪ ಎಣ್ಣೆಯೂ ಸೇರಿದರೆ ಕೇಳುವುದೇ ಬೇಡ. ಹಾಗೆಂದು ಇವತ್ತೇ ನಿಲ್ಲಿಸಬೇಡಿ, ಕೆಲವನ್ನು ಥಟ್ಟನೆ ಬಿಟ್ಟರೆ ಬೇರೆ ತೊಂದರೆ. ‘ಈ ಮಾತ್ರೆ ಶುರುವಾದ ಮೇಲೆ ಓಲಾಟ’ ಎಂದು ವೈದ್ಯರಿಗೆ ತಿಳಿಸಿದರೆ ಪ್ರಮಾಣ ಬದಲಿಸುತ್ತಾರೆ. ತಲೆಸುತ್ತಿಗೆಂದೇ ಕೊಟ್ಟ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್‌ಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದೂ ತಪ್ಪು. ವಯಸ್ಸಾದವರಲ್ಲಿ ಅವು ಪಾರ್ಕಿನ್ಸನ್ ಕಾಯಿಲೆಯಂಥ ನಡುಕ, ನಿಧಾನಗತಿ ತರಬಲ್ಲವು.

ಪಾದ ಜುಮ್ಮೆನ್ನುತ್ತಿದ್ದರೆ ಸಕ್ಕರೆ ಮತ್ತು ಬಿ12 ಪರೀಕ್ಷೆ ಮಾಡಿಸಿ. ಅಪ್ಪಟ ಸಸ್ಯಾಹಾರಿಗಳಲ್ಲಿ, ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಕೊರತೆಯಿಂದ ಬೆನ್ನುಹುರಿಗೇ ಹಾನಿಯಾಗುವುದುಂಟು.

ಒಂದೇ ಕಾರಣಕ್ಕೆ ಗಂಟು ಹಾಕುವ ಚಟ ಫೋನ್ ಬಂದ ಮೇಲಿನದಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ಬೆನ್ನು ನೋವಿನಿಂದ ಜನ ನಡೆಯಲಾರದೆ ಕಂಗೆಟ್ಟಾಗ, ಗದ್ದೆಯ ಕೀಟನಾಶಕ ಸೇರಿದ ಏಡಿ ತಿಂದದ್ದೇ ಕಾರಣ ಎಂಬ ಮಾತು ಹಬ್ಬಿತ್ತು. ಅದು ವಂಶಪಾರಂಪರ್ಯವಾಗಿ ಬರುವ ಮೂಳೆ-ಕೀಲುಗಳ ಕಾಯಿಲೆ ಎಂದು ನಂತರದ ಅಧ್ಯಯನಗಳು ತೋರಿಸಿದವು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಅದರ ರೋಗಿಗಳಿದ್ದಾರೆ.

ನೋವಿದ್ದೂ ನಡೆಯುವುದು ಹೇಗೆ

ಮಲಗಿದರೆ ಆಯ ಮರಳುವುದಿಲ್ಲ. ಆಯ ಮತ್ತು ಕಾಲಿನ ಬಲಕ್ಕೆ ಮಾಡುವ ವ್ಯಾಯಾಮದಿಂದ ವಯಸ್ಸಾದವರು ಬೀಳುವುದು ಸುಮಾರು ನಾಲ್ಕನೇ ಒಂದರಷ್ಟು ತಗ್ಗುತ್ತದೆ ಎಂದು 2019ರ ಕೊಕ್ರೇನ್ ಪರಿಶೀಲನೆ ಹೇಳಿದೆ. ಅಡುಗೆಮನೆ ಕಟ್ಟೆ ಹಿಡಿದು ಶುರು ಮಾಡಿ: ಕುರ್ಚಿಯಿಂದ ಎದ್ದು ಕೂರುವುದು, ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು 10 ಸೆಕೆಂಡ್ ನಿಲ್ಲುವುದು. ನೋವು ಸ್ವಲ್ಪ ಹೆಚ್ಚಿ ತುಸು ಹೊತ್ತಿಗೆ ಮೊದಲಿನಂತಾದರೆ ಹೆದರಬೇಕಿಲ್ಲ. ಕಾಲಿಗೆ ಹೊಸದಾಗಿ ಜೋಮು, ಸೋಲು ಬಂದರೆ ನಿಲ್ಲಿಸಿ, ತೋರಿಸಿ.

ಊರುಗೋಲು ಹಿಡಿಯಲು ನಾಚಿಕೆ ಬೇಡ. ಎದ್ದು ನಿಂತಾಗ ಹಿಡಿ ಮಣಿಕಟ್ಟಿನ ಎತ್ತರಕ್ಕಿರಲಿ, ತುದಿಗೆ ರಬ್ಬರ್ ಇರಲಿ, ಸೋತ ಕಾಲಿನ ಎದುರು ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಸವೆದ ಹವಾಯಿ ಚಪ್ಪಲಿ, ಅಳತೆಗೆ ದೊಡ್ಡದಾದ ಗಂಬೂಟು ಎರಡೂ ಬೀಳಿಸುತ್ತವೆ. ಮಳೆ ಹಿಡಿಯುವ ಮೊದಲೇ ಅಂಗಳದ ಪಾಚಿ ಕೆರೆಸಿ, ಬಚ್ಚಲಿಗೆ ಒಂದು ಹಿಡಿಕೆ, ಸಂಕಕ್ಕೆ ಕೈಪಿಡಿಯ ಗಳ ಕಟ್ಟಿಸಿ, ಮಂಚದ ಪಕ್ಕ ಟಾರ್ಚ್ ಇಡಿ. ಮುಖ ತೊಳೆಯುವುದು ಕೂತೇ ಆಗಲಿ.

ಮಲ ಮೂತ್ರದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ಹೋದರೆ, ಎರಡೂ ಕಾಲು ಸೋತರೆ ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಎರಡೆರಡು ಕಂಡರೆ 108ಕ್ಕೆ ಕರೆ ಮಾಡಿ. ಗುಡ್ಡದ ಮನೆಗೆ ಗಾಡಿ ಬರಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಬೆಳಗಾಗಲಿ ಎಂದು ಕಾಯಬೇಡಿ.