ಸೊಂಟದ ಮೇಲಿನ ಬಾವುಟ

ಕಾಫಿಪುಡಿಗೆ, ಬಾಳೆಎಲೆಗೆ ಕೋಲ್ಕತ್ತದ ದಕ್ಷಿಣ ಭಾರತೀಯರು ಹೋಗುವುದು ಲೇಕ್ ಮಾರ್ಕೆಟ್ಟಿಗೆ. ಆಗಸ್ಟ್ 15 ಹತ್ತಿರವಾದಾಗ ಅಲ್ಲಿನ ಮನೆಗಳಿಗೂ ದೇಶದ ಬೇರೆ ಮನೆಗಳಿಗೂ ಪ್ರಶ್ನೆ ಒಂದೇ: ಶಾಲೆಗೆ ಹೊರಟ ಮಗುವಿಗೆ ಬಾವುಟದ ಅಂಗಿ ತೊಡಿಸಬಹುದೇ?

1906ರ ಆಗಸ್ಟ್ 7ರಂದು ಇದೇ ನಗರದ ಪಾರ್ಸಿ ಬಾಗಾನ್‌ನಲ್ಲಿ ಹಾರಿದ ಬಾವುಟದ ಬಣ್ಣಗಳು ಹಸಿರು, ಹಳದಿ, ಕೆಂಪು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧ ಮುರಿದು ತ್ರಿವರ್ಣ ಧ್ವಜ ಏರಿಸಿದವರು ಬಂಧನಕ್ಕೊಳಗಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರೇ ನಡೆಯಿತು. ಅಂದು ಬಾವುಟ ಹಿಡಿಯುವುದೇ ಅಪರಾಧ.

ಸ್ವಾತಂತ್ರ್ಯದ ನಂತರ ಅಪರಾಧವಾದದ್ದು ಅಗೌರವ. ರಾಷ್ಟ್ರ ಗೌರವಕ್ಕೆ ಅಪಮಾನ ತಡೆಯುವ 1971ರ ಕಾಯ್ದೆಗೆ 2003ರಲ್ಲಿ ತಿದ್ದುಪಡಿಯಾಗಿ, ಧ್ವಜವನ್ನು ಉಡುಪಿನ ಭಾಗವಾಗಿಸುವುದೇ ನಿಷಿದ್ಧವಾಯಿತು. 2005ರ ತಿದ್ದುಪಡಿ ಆ ನಿಷೇಧವನ್ನು ಸೊಂಟದ ಕೆಳಗಿನ ಉಡುಪಿಗೆ ಇಳಿಸಿತು. ಆದರೆ ಉಡುಪಿನ ಬಟ್ಟೆಯ ಮೇಲೆ ಧ್ವಜವನ್ನು ಅಚ್ಚು ಹಾಕುವುದು, ಕಸೂತಿ ಮಾಡುವುದು ಇನ್ನೂ ಕೂಡದು. ಶಿಕ್ಷೆ ಮೂರು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ.

ಶಾಲೆಯ ಜಗಳ ಹುಟ್ಟುವುದು ಈ ಎರಡು ಸಾಲುಗಳ ನಡುವೆ. ಒಂದು ಸಾಲು ಎದೆಯ ಮೇಲೆ ಬಾವುಟವಿರಲಿ ಎನ್ನುವಂತಿದೆ, ಇನ್ನೊಂದು ಅದೇ ಅಂಗಿಯ ಅಚ್ಚನ್ನು ಬೇಡವೆನ್ನುತ್ತದೆ. ಬೈಸಿಕೊಳ್ಳುವುದು ಮಾತ್ರ ಮಗು. ಆ ಮಗುವಿಗೆ ಬೈಗುಳಕ್ಕಿಂತ ಮೊದಲು ಶಿವಪುರದ ಕತೆ ಸಿಗಬೇಕು.