ಗೋದಾವರಿಯ ಎರಡು ಜಿಲ್ಲೆಗಳು: ನಾಸಿಕ್ ಮತ್ತು ಸಂಭಾಜಿನಗರಗಳಲ್ಲಿ ಆದಾಯದ ಅಂತರ ಬೆಳೆದ ಬಗೆ

ಮಹಾರಾಷ್ಟ್ರದ ನಾಸಿಕ್ ಜಿಲ್ಲೆ ಮತ್ತು ಇತ್ತೀಚಿನವರೆಗೆ ಔರಂಗಾಬಾದ್ ಎಂದು ಕರೆಯಲಾಗುತ್ತಿದ್ದ ಛತ್ರಪತಿ ಸಂಭಾಜಿನಗರ ಜಿಲ್ಲೆ ಒಂದಕ್ಕೊಂದು ತಾಗಿಕೊಂಡಿವೆ. ಗೋದಾವರಿ ನದಿ ಮೊದಲನೆಯದರ ತ್ರ್ಯಂಬಕೇಶ್ವರದಲ್ಲಿ ಹುಟ್ಟಿ, ಎರಡನೆಯದರ ದಕ್ಷಿಣದ ಅಂಚಿನಲ್ಲಿ ಪೈಠಣವನ್ನು ಬಳಸಿ ಮುಂದೆ ಸಾಗುತ್ತದೆ. ಆದಾಯ ಅಸಮಾನತೆಯೆಂದರೆ ಭೂಮಿ, ಬಂಡವಾಳ ಮತ್ತು ದುಡಿಮೆಗಳಿಂದ ಹುಟ್ಟುವ ಗಳಿಕೆ ಜನರ ನಡುವೆ ಹಂಚಿಹೋಗುವಲ್ಲಿನ ಏರುಪೇರು. ಅದು ಪ್ರದೇಶ ಪ್ರದೇಶಗಳ ನಡುವೆಯೂ ಇರುತ್ತದೆ, ಒಂದೇ ಪ್ರದೇಶದ ಮನೆ ಮನೆಗಳ ನಡುವೆಯೂ ಇರುತ್ತದೆ. ಈ ಎರಡು ಜಿಲ್ಲೆಗಳ ಇತಿಹಾಸವನ್ನು ಒಟ್ಟಿಗೆ ಇಟ್ಟು ನೋಡಿದರೆ, ಅಂತಹ ಅಂತರ ಮಳೆ ಮಣ್ಣುಗಳಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಭೂಮಿ, ನೀರು ಮತ್ತು ಸಾಲದ ಮೇಲಿನ ಹಕ್ಕನ್ನು ಆಳುವವರು ಹಂಚಿದ ರೀತಿಯಿಂದ ಹುಟ್ಟಿತೆಂಬುದು ಕಾಣುತ್ತದೆ.

ಆಧುನಿಕ ಕಾಲಕ್ಕೂ ಮುಂಚೆ ಎರಡೂ ಕಡೆ ಕಸುಬುದಾರರು ನೆಲೆಗೊಂಡಿದ್ದರು. ನಾಸಿಕ್‌ನ ಪಾಂಡವಲೇಣಿ ಗುಹೆಗಳಲ್ಲಿರುವ, ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತನ ಶಾಸನವೊಂದರ ಪ್ರಕಾರ, ಅವನು 3000 ಕಾರ್ಷಾಪಣ ನಾಣ್ಯಗಳನ್ನು ನಾಸಿಕ್ ಬಳಿಯ ಗೋವರ್ಧನದ ನೇಕಾರ ಶ್ರೇಣಿಗಳಲ್ಲಿ ಇರಿಸಿದನು. ಶ್ರೇಣಿಯೆಂದರೆ ಒಂದೇ ಕಸುಬಿನವರ ಕೂಟ. ಮೂಲಧನ ಕರಗದಂತೆ ಬಡ್ಡಿಯಿಂದ ಮಾತ್ರ ಭಿಕ್ಷುಗಳ ಚೀವರ ಮತ್ತು ಇತರ ವೆಚ್ಚ ನಡೆಯಬೇಕಾಗಿದ್ದ ಈ ಅಕ್ಷಯನೀವಿಯಲ್ಲಿ 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ, 1000ಕ್ಕೆ ಮುಕ್ಕಾಲರಂತೆ ಬಡ್ಡಿ ಗೊತ್ತಾಗಿತ್ತು. ರಾಜಮನೆತನದ ದತ್ತಿಯನ್ನು ನೇಕಾರರ ವಶಕ್ಕೆ ಒಪ್ಪಿಸುವಷ್ಟು ಅವರ ಕೂಟಕ್ಕೆ ಸಾಲಯೋಗ್ಯತೆಯಿತ್ತು ಎಂಬುದು ಗಮನಾರ್ಹ. ಮುಂದೆ 1610ರ ಸುಮಾರಿಗೆ ಮಲಿಕ್ ಅಂಬರ್ ಕಟ್ಟಿದ ಖಡ್ಕಿ ಪಟ್ಟಣ ಮೊಗಲರ ಕಾಲದಲ್ಲಿ ಔರಂಗಾಬಾದ್ ಆಗಿ, ಹತ್ತಿ ರೇಷ್ಮೆಗಳನ್ನು ಬೆರೆಸಿ ನೇಯುವ ಹಿಮ್ರೂ ಬಟ್ಟೆಗೆ ಹೆಸರಾಯಿತು. ಆದರೆ 1763ರಲ್ಲಿ ನಿಜಾಮರ ರಾಜಧಾನಿ ಹೈದರಾಬಾದಿಗೆ ಸಾಗಿದಾಗ ಆಸ್ಥಾನವನ್ನೇ ನಂಬಿದ್ದ ಆ ಕಸುಬು ತನ್ನ ಮುಖ್ಯ ಗಿರಾಕಿಗಳನ್ನು ಕಳೆದುಕೊಂಡಿತು.

ಆಧುನಿಕ ಅಂತರದ ಬುನಾದಿ ಬಿದ್ದದ್ದು 19ನೆಯ ಶತಮಾನದಲ್ಲಿ. 1818ರಲ್ಲಿ ಪೇಶ್ವೆಯ ಪತನದ ನಂತರ ನಾಸಿಕ್ ಬ್ರಿಟಿಷರ ಕೈಸೇರಿ, ರೈತನೊಡನೆ ಸರ್ಕಾರ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಗೆ ಒಳಪಟ್ಟಿತು. ಅದು ರೈತನನ್ನು ಸಾಹುಕಾರನ ಸಾಲದಿಂದ ಕಾಪಾಡಲಿಲ್ಲವಾದರೂ, ಅಡವಿಟ್ಟು ಸಾಲ ಪಡೆಯಬಹುದಾದ, ಮಾರಬಹುದಾದ ಹಕ್ಕುಪತ್ರವೊಂದನ್ನು ಅವನ ಹೆಸರಿಗೆ ಬರೆಯಿತು. ಔರಂಗಾಬಾದ್ ಉಳಿದದ್ದು ನಿಜಾಮನ ಸಂಸ್ಥಾನದಲ್ಲಿ. ಅಲ್ಲಿ ಸರ್ಕಾರವೇ ನೇರವಾಗಿ ಕಂದಾಯ ಎತ್ತುತ್ತಿದ್ದ ದಿವಾನಿ ಭೂಮಿಯ ಜೊತೆಗೆ, ನಿಜಾಮನ ಸ್ವಂತ ಖರ್ಚಿಗೆ ಮೀಸಲಾದ ಸರ್ಫ್-ಎ-ಖಾಸ್ ಭೂಮಿಯೂ ಜಹಗೀರುದಾರರಿಗೆ ಬಿಟ್ಟುಕೊಟ್ಟ ಭೂಮಿಯೂ ಸೇರಿ ಸಂಸ್ಥಾನದ ಸುಮಾರು ಐದರಲ್ಲಿ ಎರಡು ಪಾಲನ್ನು ಆವರಿಸಿದ್ದವು, ಮತ್ತು ಜಹಗೀರುಗಳು ರದ್ದಾದದ್ದು 1949ರಲ್ಲಿ, ಭಾರತೀಯ ಸೇನೆಯ ಕಾರ್ಯಾಚರಣೆಯಿಂದ ಸಂಸ್ಥಾನ ಒಕ್ಕೂಟಕ್ಕೆ ಸೇರಿದ ಬಳಿಕವೇ. ಅದೇ ನಿಜಾಮನ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್, ರಾಯಚೂರುಗಳ ಹಿಂದುಳಿದಿರುವಿಕೆಯನ್ನು ಬಲ್ಲ ಕನ್ನಡ ಓದುಗರಿಗೆ ಇದು ಅಪರಿಚಿತ ಕಥೆಯಲ್ಲ. ರೈಲು ಸಹ ಇದೇ ಗಡಿಯನ್ನು ಗಟ್ಟಿಮಾಡಿತು: ನಾಸಿಕ್ 1860ರ ದಶಕದಲ್ಲೇ ಮುಂಬಯಿಯ ಬ್ರಾಡ್‌ಗೇಜ್ ಮಾರ್ಗವನ್ನು ಪಡೆದರೆ, ಔರಂಗಾಬಾದಿಗೆ 1900ರ ಸುಮಾರಿಗೆ ಬಂದ ಗೋದಾವರಿ ಕಣಿವೆಯ ಮಾರ್ಗ ಮೀಟರ್‌ಗೇಜ್ ಆಗಿದ್ದುದರಿಂದ, ಮುಂಬಯಿಗೆ ಹೋಗುವ ಸರಕನ್ನು ಮನಮಾಡದಲ್ಲಿ ಇಳಿಸಿ ಮತ್ತೆ ಏರಿಸುವ ಹೆಚ್ಚುವರಿ ಖರ್ಚು 1990ರ ದಶಕದಲ್ಲಿ ಹಳಿ ಬದಲಾಗುವವರೆಗೂ ತಪ್ಪಲಿಲ್ಲ.

ನೀರಿನ ವಿಷಯದಲ್ಲಿ ಈ ವ್ಯತ್ಯಾಸ ಇನ್ನಷ್ಟು ನಿಚ್ಚಳ. ನಾಂದೂರ್ ಮಧ್ಯಮೇಶ್ವರದ ಒಡ್ಡು ಮತ್ತು ಕಾಲುವೆಗಳು 20ನೆಯ ಶತಮಾನದ ಮೊದಲ ಎರಡು ದಶಕಗಳಲ್ಲೇ ಸಿದ್ಧವಾಗಿ ನಾಸಿಕ್ ಮತ್ತು ಅಹಮದ್‌ನಗರ ಜಿಲ್ಲೆಗಳ ಹೊಲಗಳಿಗೆ ನೀರು ಹಾಯಿಸಿದವು. ಆ ಕಾಲುವೆಯ ಸೀಮೆಯಲ್ಲಿ ಕಬ್ಬು, ಸಹಕಾರಿ ಸಕ್ಕರೆ ಕಾರ್ಖಾನೆ ಮತ್ತು ಅವುಗಳೊಡನೆ ರಾಜಕೀಯ ಪ್ರಭಾವ ಒಟ್ಟೊಟ್ಟಿಗೆ ಬೆಳೆದವು. ನಿಫಾಡ್, ದಿಂಡೋರಿಗಳ ದ್ರಾಕ್ಷಿತೋಟ ಮತ್ತು ಲಾಸಲಗಾವಿನ ಈರುಳ್ಳಿ ಮಾರುಕಟ್ಟೆ ದೇಶಕ್ಕೇ ಗೊತ್ತಾದವು. ಔರಂಗಾಬಾದ್ ಸೇರಿರುವ ಮರಾಠವಾಡದ ಕಡೆ ದೊಡ್ಡ ಅಣೆಕಟ್ಟೆಗೆ ಶಂಕುಸ್ಥಾಪನೆಯಾದದ್ದು 1965ರಲ್ಲಿ. ಪೈಠಣದ ಜಾಯಕವಾಡಿ 1976ರಲ್ಲಿ ಉದ್ಘಾಟನೆಗೊಂಡಾಗ ಅದರ ಬಳಕೆಯೋಗ್ಯ ಸಾಮರ್ಥ್ಯ ಸುಮಾರು 77 ಟಿಎಂಸಿ, ಅಂದರೆ 77 ಶತಕೋಟಿ ಘನ ಅಡಿ. ಆದರೆ ಮೇಲ್ದಂಡೆಯಲ್ಲಿ ಜಲಾಶಯಗಳು ಹೆಚ್ಚಿದಂತೆ, ಬರದ ವರ್ಷಗಳಲ್ಲಿ ಅದಕ್ಕೆ ಹರಿದುಬರುವ ನೀರು ಕುಗ್ಗಿತು. ನದಿಪಾತ್ರದ ಎಲ್ಲರಿಗೂ ಕೊರತೆಯನ್ನು ಸಮನಾಗಿ ಹಂಚಬೇಕೆಂದು 2005ರ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರ ಕಾಯ್ದೆ ಹೇಳಿತು. ಜಾಯಕವಾಡಿಯಲ್ಲಿ ಅಕ್ಟೋಬರ್ ನಡುವಿಗೆ ನೀರು ಶೇ. 65ಕ್ಕಿಂತ ಕೆಳಗಿದ್ದರೆ ಮೇಲಿನ ಜಲಾಶಯಗಳಿಂದ ಬಿಡಬೇಕೆಂಬ ಸೂತ್ರವನ್ನು ಮೆಂಢೆಗಿರಿ ಸಮಿತಿಯ ವರದಿಯ ಆಧಾರದ ಮೇಲೆ ಪ್ರಾಧಿಕಾರ 2014ರಲ್ಲಿ ಆದೇಶವಾಗಿಸಿತು ಮತ್ತು ಮುಂಬಯಿ ಉಚ್ಚ ನ್ಯಾಯಾಲಯ 2016ರಲ್ಲಿ ಅದನ್ನು ಎತ್ತಿಹಿಡಿಯಿತು.

ಪ್ರದೇಶಗಳ ಅಂತರವನ್ನು ತುಂಬಲು ಸರ್ಕಾರ ಬಳಸಿದ ಇನ್ನೊಂದು ಸಾಧನ ಕೈಗಾರಿಕೆ. ಉದ್ದಿಮೆಗಳನ್ನು ಮುಂಬಯಿ ಪುಣೆಗಳ ಆಚೆಗೆ ಒಯ್ಯುವ ಪ್ರೋತ್ಸಾಹ ಯೋಜನೆ 1964ರಲ್ಲಿ ಆರಂಭವಾಯಿತು. ನಾಸಿಕ್‌ನ ಸಾತಪುರ, ಅಂಬಡಗಳಲ್ಲೂ ಔರಂಗಾಬಾದಿನ ಚಿಕಲಠಾಣಾ, ವಾಳೂಜಗಳಲ್ಲೂ ಕೈಗಾರಿಕಾ ಪ್ರದೇಶಗಳು ಎದ್ದವು; 1980ರ ದಶಕದಲ್ಲಿ ವಾಳೂಜಕ್ಕೆ ಬಜಾಜ್ ಆಟೋ ಬಂದ ಮೇಲೆ ಅದರ ಸುತ್ತ ಬಿಡಿಭಾಗದ ಕಾರ್ಖಾನೆಗಳು ನೆರೆದು, ಹಿಂದುಳಿದ ಮರಾಠವಾಡದಲ್ಲಿ ಔರಂಗಾಬಾದ್ ಒಂದೇ ಎದ್ದು ಕಾಣುವ ನಗರವಾಯಿತು.

ಪ್ರದೇಶದ ಸರಾಸರಿ ಏರಿದರೂ ಮನೆಗಳ ನಡುವಿನ ಅಂತರ ತಾನಾಗಿ ಇಳಿಯುವುದಿಲ್ಲವೆಂಬುದಕ್ಕೆ ಮುಂದಿನ ಘಟನೆಗಳೇ ಸಾಕ್ಷಿ. 2010ರ ಅಕ್ಟೋಬರಿನಲ್ಲಿ ಔರಂಗಾಬಾದಿನ ಉದ್ಯಮಿಗಳು, ವೃತ್ತಿಪರರು ಒಟ್ಟುಗೂಡಿ ಸುಮಾರು 65 ಕೋಟಿ ರೂಪಾಯಿಯ 150 ಮರ್ಸಿಡಿಸ್ ಬೆಂಜ್ ಕಾರುಗಳನ್ನು ಒಮ್ಮೆಗೇ ಕೊಂಡರು. ಆ ಕಾರುಗಳಿಗೆ ಬ್ಯಾಂಕ್ ಕೊಟ್ಟ ಸಾಲದ ಬಡ್ಡಿ ರೈತನ ಟ್ರ್ಯಾಕ್ಟರ್ ಸಾಲದ ಬಡ್ಡಿಗಿಂತ ಬಹಳ ಕಡಿಮೆಯಿದ್ದುದನ್ನು ಪತ್ರಕರ್ತ ಪಿ. ಸಾಯಿನಾಥ್ ಎತ್ತಿ ತೋರಿಸಿದರು. ಅದೇ ಮರಾಠವಾಡದ ಒಣಬೇಸಾಯದ ಕುಟುಂಬಗಳು ಪ್ರತಿ ವರ್ಷ ಕಬ್ಬಿನ ಕಟಾವಿಗೆ ಪಶ್ಚಿಮ ಮಹಾರಾಷ್ಟ್ರಕ್ಕೂ ಉತ್ತರ ಕರ್ನಾಟಕದ ಸಕ್ಕರೆ ಕಾರ್ಖಾನೆಗಳ ಸೀಮೆಗೂ ವಲಸೆ ಹೋಗುತ್ತವೆ. ಅವರನ್ನು ಕರೆದೊಯ್ಯುವ ಮುಕಾದಮ ಎಂಬ ಮೇಸ್ತ್ರಿ, ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೊಯತಾ’ ಎಂದು ಎಣಿಸಿ, ‘ಉಚಲ್’ ಎಂಬ ಮುಂಗಡ ಕೊಡುತ್ತಾನೆ, ಮತ್ತು ಕಟಾವಿನ ಕೂಲಿ ಆ ಮುಂಗಡಕ್ಕೇ ವಜಾ ಆಗುವುದರಿಂದ ಸಾಲ ಮುಂದಿನ ಹಂಗಾಮಿಗೂ ಉಳಿಯುವುದುಂಟು.

ನಾಸಿಕ್‌ನಲ್ಲಿಯೂ ಸಿರಿತನ ಎಲ್ಲರನ್ನೂ ಮುಟ್ಟಲಿಲ್ಲ. ಜಾತಿಯ ಗೋಡೆಯನ್ನು ಪ್ರಶ್ನಿಸಿದ ಕಾಳಾರಾಮ ದೇವಾಲಯ ಸತ್ಯಾಗ್ರಹವನ್ನು ಡಾ. ಅಂಬೇಡ್ಕರ್ 1930ರ ಮಾರ್ಚ್ 2ರಂದು ಇಲ್ಲಿಯೇ ಆರಂಭಿಸಿದರು. ಅವರ ಶಿಕ್ಷಣ ಸಂಸ್ಥೆ 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜನ್ನು ತೆರೆಯಿತು. ನಾಸಿಕ್ ಜಿಲ್ಲೆಯ ಪಶ್ಚಿಮದ ಸುರಗಾಣಾ, ಪೇಠ್ ತಾಲ್ಲೂಕುಗಳಲ್ಲಿ ಮಳೆ ಧಾರಾಳವಾಗಿ ಸುರಿದರೂ, ಅಲ್ಲಿನ ಆದಿವಾಸಿಗಳು ತಲೆಮಾರುಗಳಿಂದ ಉಳುತ್ತಿದ್ದ ಜಮೀನು ದಾಖಲೆಗಳಲ್ಲಿ ಅರಣ್ಯವಾಗಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಆ ಹಕ್ಕನ್ನು ಒಪ್ಪಿಕೊಂಡಿತಾದರೂ ಅರ್ಜಿಗಳ ವಿಲೇವಾರಿ ಕುಂಟುತ್ತ ಸಾಗಿತು. 2018ರ ಮಾರ್ಚ್ 6ರಂದು ನಾಸಿಕ್‌ನಿಂದ ಹೊರಟು ಸುಮಾರು 180 ಕಿಲೋಮೀಟರ್ ನಡೆದು 12ರಂದು ಮುಂಬಯಿಯನ್ನು ಮುಟ್ಟಿದ ರೈತರ ಮಹಾಪಾದಯಾತ್ರೆಯ ಮುಖ್ಯ ಬೇಡಿಕೆಗಳಲ್ಲಿ ಇದೂ ಒಂದು.

ಅಸಮತೋಲವನ್ನು ಅಳೆಯುವ ಪ್ರಯತ್ನಗಳು ನಡೆಯದೆ ಇಲ್ಲ. ಸಂವಿಧಾನದ 371(2)ನೆಯ ವಿಧಿ ಮರಾಠವಾಡ, ವಿದರ್ಭಗಳಿಗೆ ಅಭಿವೃದ್ಧಿ ಮಂಡಳಿಗಳನ್ನು ಕಲ್ಪಿಸಿತು. ದಾಂಡೇಕರ್ ಸಮಿತಿ 1984ರಲ್ಲಿ ಜಿಲ್ಲೆಗಳು ರಾಜ್ಯದ ಸರಾಸರಿಗಿಂತ ಎಷ್ಟು ಹಿಂದಿವೆಯೆಂದು ಲೆಕ್ಕಹಾಕಿತು. ಕರ್ನಾಟಕದಲ್ಲಿ 2002ರ ನಂಜುಂಡಪ್ಪ ಸಮಿತಿ ತಾಲ್ಲೂಕನ್ನೇ ಅಳತೆಯ ಘಟಕವಾಗಿಸಿ ಒಂದು ಹೆಜ್ಜೆ ಮುಂದೆ ಹೋಯಿತು, ಹಾಗೂ ನಂತರ 371(ಜೆ) ವಿಧಿ ಕಲ್ಯಾಣ ಕರ್ನಾಟಕಕ್ಕೆ ಉದ್ಯೋಗ, ಶಿಕ್ಷಣಗಳಲ್ಲಿ ಮೀಸಲಾತಿ ತಂದಿತು. ಆದರೆ ಜಿಲ್ಲೆಯ ಅಥವಾ ತಾಲ್ಲೂಕಿನ ಸರಾಸರಿಗೆ ಹಣ ಹಂಚಿದಾಗ, ಒಣ ತಾಲ್ಲೂಕಿನ ಕಟಾವು ಕೂಲಿಗಾರನೂ ಅದೇ ಜಿಲ್ಲೆಯ ನಗರದ ಉದ್ಯಮಿಯೂ ಒಂದೇ ಅಂಕಿಯೊಳಗೆ ಅಡಗುತ್ತಾರೆ. ಆದ್ದರಿಂದ ಮುಂದಿನ ಪರಿಹಾರಗಳು ಪ್ರದೇಶಕ್ಕೆ ಸಂದ ಅನುದಾನದ ಮೊತ್ತಕ್ಕಿಂತ, ಆ ಪ್ರದೇಶದೊಳಗೆ ಹಕ್ಕುಪತ್ರ, ಕಾಲುವೆಯ ನೀರು ಮತ್ತು ಅಗ್ಗದ ಸಾಲ ಯಾರ ಹೆಸರಿಗೆ ದಾಖಲಾದವು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಅಂತರ ಹುಟ್ಟಿದ್ದು ಆ ದಾಖಲೆಗಳಲ್ಲೇ ಆದುದರಿಂದ, ಅದು ತಗ್ಗಿದೆಯೇ ಇಲ್ಲವೇ ಎಂಬ ಪರೀಕ್ಷೆಯೂ ಅಲ್ಲಿಯೇ ನಡೆಯಬೇಕು.